ಹಿಂದ ಅನ್ನಾಕಿ ಯಾರು?

ಎರಡು ಕಿವಿ ಇದ್ದ ಮಾತ್ರಕ್ಕೆ ಕೇಳಿಸುತ್ತದೆ ಎಂದು ನಂಬಿಕೊಂಡು ನಾನು ನಲವತ್ತೆರಡು ವರ್ಷ ಆರಾಮವಾಗಿ ಕಳೆದೆ. ಹೈಸ್ಕೂಲಿನಲ್ಲಿ ಗಣಿತ ಕಲಿಸುವವಳು ನಾನು. ಹಿಂದಿನ ಬೆಂಚಿನಲ್ಲಿ ಯಾರು ಪಿಸುಗುಟ್ಟಿದರೂ ಬೋರ್ಡಿನ ಕಡೆ ಮುಖ ಮಾಡಿಕೊಂಡೇ ಹೆಸರು ಹಿಡಿದು ಎಬ್ಬಿಸುತ್ತೇನೆ. ಆ ಹೆಮ್ಮೆ ಈ ಬೇಸಿಗೆಯಲ್ಲಿ ಮಣ್ಣುಪಾಲಾಯಿತು. ಮನೆಯಲ್ಲಿ ಒಂದು ಭಜನಾ ಮೇಳವನ್ನು ರೆಕಾರ್ಡ್ ಮಾಡುತ್ತೇನೆಂದು ಹೊರಟು, ಎದುರು ಮನೆಯವರ ಕಣ್ಣಲ್ಲಿ ನೀರು ತರಿಸಿದೆ, ಒಬ್ಬ ಹಿರಿಯರನ್ನು ಹಾರ್ಮೋನಿಯಂ ಹೊರಿಸಿ ಮುದ್ದೇಬಿಹಾಳಕ್ಕೆ ಓಡಿಸಿದೆ, ಒಬ್ಬ ಮರ್ಯಾದಸ್ಥರ ಬಾಯಿಗೆ ಟವೆಲ್ ಕಟ್ಟಿಸಿದೆ. ಇಷ್ಟೆಲ್ಲ ಮಾಡಿಯೂ ಕೆಲಸ ಕೆಟ್ಟಿತು. ಯಾರಿಗಾದರೂ ಹೇಳಿಕೊಳ್ಳದೆ ನನಗೆ ಸಮಾಧಾನವಿಲ್ಲ, ಅದಕ್ಕೇ ಹೇಳುತ್ತಿದ್ದೇನೆ.

ನಮ್ಮ ಮನೆ ಇರುವುದು ಬಸವನ ಬಾಗೇವಾಡಿಯಲ್ಲಿ. ಪ್ರತಿ ಗುರುವಾರ ಸಂಜೆ ನಮ್ಮ ಪಡಸಾಲೆಯಲ್ಲಿ ಓಣಿಯ ಹೆಣ್ಣುಮಕ್ಕಳು ಭಜನೆಗೆ ಕೂಡುತ್ತಾರೆ. ಮುಂದೆ ಹಾಡುವವರು ನನ್ನ ಅತ್ತೆ ನೀಲವ್ವ. ಅವರು ಒಂದು ಸಾಲು ಹಾಡಿದರೆ ಕುಳಿತವರೆಲ್ಲ ಅದನ್ನೇ ತಿರುಗಿ ಹಾಡಬೇಕು. ಇದಕ್ಕೆ ನಮ್ಮ ಕಡೆ 'ಹಿಂದ ಅನ್ನೋದು' ಎನ್ನುತ್ತಾರೆ. ಭಜನೆಗೆ ಬಂದು ಸುಮ್ಮನೆ ಕೇಳುತ್ತ ಕೂಡುವ ಸೌಕರ್ಯ ಇಲ್ಲಿಲ್ಲ. ಹೊಸ್ತಿಲು ದಾಟಿದವರ ಕೈಗೆ ಒಂದು ಜೊತೆ ತಾಳ ಕೊಟ್ಟುಬಿಡುತ್ತಾರೆ. ಹಾಲು ಹಾಕಲು ಬಂದವರೂ ಎರಡು ಸಾಲು ಹಿಂದೆ ಅಂದೇ ಹೋಗಬೇಕು. ಬಾಯಿ ಮುಚ್ಚಿಕೊಂಡು ಕುಳಿತರೆ ಹಾಡುವವರಿಗೆ ಅವಮಾನ ಎಂಬುದು ಅತ್ತೆಯವರ ಕಟ್ಟುನಿಟ್ಟು. ನಾನು ಮಾತ್ರ ಹದಿನಾರು ವರ್ಷ ಇದರಿಂದ ತಪ್ಪಿಸಿಕೊಂಡಿದ್ದೆ. ಮದುವೆಯಾಗಿ ಬಂದ ಮೊದಲ ಗುರುವಾರ ನಾನೂ ಎಲ್ಲರೊಂದಿಗೆ ಬಾಯಿ ತೆರೆದಿದ್ದೆ. ಮೂರನೆಯ ಸಾಲಿಗೆ ಯಾರೋ ಸೆರಗಿನಲ್ಲಿ ನಕ್ಕದ್ದು ಕಾಣಿಸಿತು. ಅಂದಿನಿಂದ ಗುರುವಾರದ ಚಹಾ ಮಾಡುವ ಜವಾಬ್ದಾರಿಯನ್ನು ನಾನು ಯಾರಿಗೂ ಬಿಟ್ಟುಕೊಟ್ಟಿಲ್ಲ.

ಈ ವರ್ಷ ಅತ್ತೆಯವರ ಕುತ್ತಿಗೆಯಲ್ಲಿ ಥೈರಾಯ್ಡಿನ ಗಂಟು ಕಾಣಿಸಿಕೊಂಡಿತು. ವಿಜಯಪುರದ ಡಾಕ್ಟರು, ಆಪರೇಷನ್ ಆಗಲೇಬೇಕು, ದನಿಯ ನರ ಪಕ್ಕದಲ್ಲೇ ಇದೆ, ಆದಷ್ಟು ಕಾಪಾಡುತ್ತೇವೆ, ಆದರೆ ಮೊದಲಿನ ದನಿಯೇ ಉಳಿಯುತ್ತದೆ ಎಂದು ಬರೆದುಕೊಡಲು ಬರುವುದಿಲ್ಲ ಎಂದರು. ಅತ್ತೆ ಜೀವದ ಬಗ್ಗೆ ಒಂದು ಮಾತೂ ಕೇಳಲಿಲ್ಲ. ಮರಳಿ ಬರುವಾಗ ಬಸ್ಸಿನಲ್ಲಿ ಮನಗೂಳಿ ದಾಟುವವರೆಗೂ ಕಿಟಕಿಯ ಹೊರಗೆ ನೋಡುತ್ತಿದ್ದವರು, ಕೊನೆಗೆ, "ನಮ್ಮವ್ವನ ಪದಾ ಎಂಟು ಅದಾವ. ಕಸ್ತೂರಿಗೆ ಹಿಂದ ಅನ್ನಾಕ ಬರ್ತಾವ, ಮುಂದ ಹಾಡಾಕ ಬರಂಗಿಲ್ಲ" ಎಂದರು. ಕಸ್ತೂರಿ ಎಂದರೆ ಎದುರು ಮನೆಯ ಕಸ್ತೂರಿಬಾಯಿ. ಅತ್ತೆಯವರ ತವರು ಲಚ್ಯಾಣ. ಅಲ್ಲಿ ಅವರ ತಾಯಿ ಬಾಯಿಂದ ಬಾಯಿಗೆ ಕಲಿಸಿದ ಎಂಟು ಭಜನೆಯ ಪದಗಳು ಯಾವ ಪುಸ್ತಕದಲ್ಲೂ ಇಲ್ಲ. ಹಿಂದುಮುಂದು ನೋಡದೆ, ಚಿಂತೆ ಮಾಡಬೇಡಿರಿ, ನಾನು ಎಲ್ಲವನ್ನೂ ರೆಕಾರ್ಡ್ ಮಾಡಿ ಇಡುತ್ತೇನೆ ಎಂದುಬಿಟ್ಟೆ. ಆಪರೇಷನ್ನಿಗೆ ಒಂದು ತಿಂಗಳಿತ್ತು. ನನ್ನ ಕೈಯಲ್ಲಿ ನಾಲ್ಕು ರವಿವಾರಗಳಿದ್ದವು.

ಸಿಂದಗಿಯಲ್ಲಿರುವ ನನ್ನ ಅಣ್ಣ ಮದುವೆಗಳಿಗೆ, ಸಭೆಗಳಿಗೆ ಮೈಕ್ ಸೆಟ್ ಒದಗಿಸುತ್ತಾನೆ. ಅವನ ಶಾಸ್ತ್ರದಲ್ಲಿ ದನಿಗೆ ಇರುವುದು ಒಂದೇ ತಿರುಪು, ಅದು ಮೇಲಕ್ಕೆ ಮಾತ್ರ ತಿರುಗುತ್ತದೆ. ನಾಲ್ಕು ಮೈಕು, ಅವನ್ನು ಲ್ಯಾಪ್‌ಟಾಪಿಗೆ ಜೋಡಿಸುವ ಒಂದು ಡಬ್ಬಿ, ಕಿವಿಯನ್ನು ಪೂರ್ತಿ ಮುಚ್ಚಿಬಿಡುವ ಒಂದು ಹೆಡ್‌ಫೋನು ಕೊಟ್ಟು, "ಏನರ ಕೆಟ್ಟ ಕೇಳಿಸಿತಂದ್ರ ಎಕೋ ಹಾಕು, ಎಲ್ಲಾ ಮುಚ್ಚಿಹೋಗ್ತೈತಿ" ಎಂದು ವಿದ್ಯಾದಾನವನ್ನೂ ಮಾಡಿದ. ಮಿಕ್ಕದ್ದನ್ನು ನಾನು ಮೊಬೈಲಿನ ವಿಡಿಯೋಗಳಲ್ಲಿ ಕಲಿತೆ. ಒಂದೊಂದು ಮೈಕಿನ ದನಿಯೂ ಬೇರೆ ಬೇರೆ ಪಟ್ಟಿಯಾಗಿ ಲ್ಯಾಪ್‌ಟಾಪಿನಲ್ಲಿ ಬೀಳುತ್ತದೆ. ಆಮೇಲೆ ಯಾವುದು ಎಷ್ಟು ಕೇಳಬೇಕೆಂದು ಹದ ಮಾಡಿ ಒಂದಾಗಿ ಸೇರಿಸುವುದೇ ಮಿಕ್ಸಿಂಗ್. ನನಗೆ ಇದು ಬಹಳ ಸಲೀಸು ಅನ್ನಿಸಿತು. ಕೂಡಿಸುವುದು, ಕಳೆಯುವುದು ಎರಡರಲ್ಲೂ ನನಗೆ ಇಪ್ಪತ್ತು ವರ್ಷದ ಅನುಭವವಿತ್ತಲ್ಲ.

ಮೊದಲ ರವಿವಾರ ಮೇಳದ ಐದಾರು ಜನ ಸಾಕು ಎಂದು ಹೇಳಿದ್ದೆ. ನೀಲವ್ವನ ಪದ ಕಾಯಂ ಆಗಿ ಉಳಿಯುತ್ತವಂತೆ ಎಂಬ ಸುದ್ದಿ ಓಣಿಯಲ್ಲಿ ಹಬ್ಬಿ, ಹದಿನಾಲ್ಕು ಜನ ಹದಿನಾಲ್ಕು ಜೊತೆ ತಾಳ ಹಿಡಿದುಕೊಂಡು ಬಂದರು. ಬಂದವರ ಕೈಯಿಂದ ತಾಳ ಕಸಿದುಕೊಳ್ಳುವ ಪದ್ಧತಿ ನಮ್ಮ ಮನೆಯಲ್ಲಿಲ್ಲ. ನಾನು ಹೆಡ್‌ಫೋನ್ ಹಾಕಿಕೊಂಡು ಲ್ಯಾಪ್‌ಟಾಪಿನ ಮುಂದೆ ಕುಳಿತೆ. ಮರುದಿನ ಶಾಲೆಯಿಂದ ಬಂದು ಹೆಡ್‌ಫೋನ್ ಹಾಕಿ ಕೇಳಿದರೆ ಅತ್ತೆಯವರ ಮೈಕಿನಲ್ಲಿ ತಾಳ, ತಬಲಾದ ಮೈಕಿನಲ್ಲಿ ತಾಳ, ಹಾರ್ಮೋನಿಯಂ ಮೈಕಿನಲ್ಲಿ ತಾಳ. ನಾಲ್ಕನೆಯ ಮೈಕು ಹಿಂದೆ ಅನ್ನುವವರಿಗೆಂದು ಇಟ್ಟದ್ದು, ಅದರಲ್ಲಿ ಒಂದು ಕುಕ್ಕರು ಮೂರು ಸಲ ಕೂಗಿತ್ತು. ಅದನ್ನೆಲ್ಲ ಸಹಿಸಬಹುದಿತ್ತು. ಆದರೆ ಆ ನಾಲ್ಕನೆಯ ಮೈಕಿನ ಗದ್ದಲದೊಳಗೆ ಒಂದು ದನಿಯಿತ್ತು. ಎಲ್ಲರೂ ಏರಿದಾಗ ಅದು ಅರ್ಧಕ್ಕೇ ನಿಲ್ಲುತ್ತಿತ್ತು, ಎಲ್ಲರೂ ಇಳಿದ ಮೇಲೆ ಒಂದೇ ಮೇಲೆ ಉಳಿದು ಆಮೇಲೆ ದಡಬಡ ಇಳಿಯುತ್ತಿತ್ತು. ಶ್ರುತಿಗೂ ಅದಕ್ಕೂ ಯಾವ ಸಂಬಂಧವೂ ಇರಲಿಲ್ಲ. ಹಾಡಿನ ಮೇಲಿನ ಭಕ್ತಿ ಮಾತ್ರ ಅಪಾರವಾಗಿತ್ತು. ಒಮ್ಮೆ ಅದು ಕಿವಿಗೆ ಬಿದ್ದ ಮೇಲೆ ನನಗೆ ಬೇರೇನೂ ಕೇಳಿಸದಾಯಿತು.

ಅತ್ತೆಯವರಿಗೆ ಹೇಳಿದೆ, ಯಾರೋ ಒಬ್ಬರು ಶ್ರುತಿ ಬಿಟ್ಟು ಹಾಡುತ್ತಿದ್ದಾರೆ, ಎಲ್ಲ ಕೆಡುತ್ತಿದೆ ಎಂದು. ಅವರು ಜೋಳ ಹಸನು ಮಾಡುತ್ತ ಕುಳಿತಿದ್ದರು. ಮೊರ ಕೆಳಗಿಟ್ಟು ನನ್ನ ಮುಖವನ್ನೇ ಸ್ವಲ್ಪ ಹೊತ್ತು ನೋಡಿ, "ಇರ್ಲಿ ಬಿಡು ತಂಗಿ. ಹಾಡಾಕಿ ಹಾಡತಾಳ" ಎಂದರು. ವಯಸ್ಸಾಯಿತು, ಕಿವಿ ಮಂದವಾಗಿರಬೇಕು ಎಂದುಕೊಂಡೆ. ಈ ಮಾತನ್ನು ಬರೆಯುವಾಗ ನನ್ನ ಕೈ ನಾಚುತ್ತದೆ.

ನಾಲ್ಕನೆಯ ಮೈಕಿಗೆ ಎಲ್ಲರಿಗಿಂತ ಹತ್ತಿರ ಕುಳಿತವರು ಎದುರು ಮನೆಯ ಕಸ್ತೂರಿಬಾಯಿ. ಮೂವತ್ತು ವರ್ಷದಿಂದ ಅತ್ತೆಯವರ ಬಲಕ್ಕೆ ಕುಳಿತು ಹಿಂದೆ ಅನ್ನುತ್ತಿರುವವರು ಅವರು. ಹತ್ತಿರ ಇದ್ದವರೇ ಅಪರಾಧಿ ಎಂದು ನಾನು ಲೆಕ್ಕ ಹಾಕಿದೆ. ಅತ್ತೆಯವರಿಗೆ ತಿಳಿಸದೆ ಅವರ ಮನೆಗೆ ಹೋಗಿ, ಆದಷ್ಟು ಮೆತ್ತಗೆ, ನಿಮ್ಮ ದನಿ ಸ್ವಲ್ಪ ದಣಿದಂತಿದೆ, ಮುಂದಿನ ರವಿವಾರ ವಿಶ್ರಾಂತಿ ತೆಗೆದುಕೊಳ್ಳಿರಿ ಎಂದೆ. ಸೆರಗಿಗೆ ಕೈ ಒರೆಸುತ್ತಿದ್ದವರ ಕೈ ನಿಂತುಬಿಟ್ಟಿತು. "ಹೌದಾ" ಎಂದರು. ಮರುದಿನ ಬೆಳಿಗ್ಗೆ ಅವರು ರಂಗೋಲಿ ಹಾಕುವಾಗ ನಾನು ಮಾತಾಡಿಸಿದರೆ ತಲೆ ಎತ್ತಲಿಲ್ಲ. ಬೇಜಾರಾಯಿತು. ಆದರೆ ಕಲೆಗಾಗಿ ಕಠಿಣವಾಗಬೇಕಾಗುತ್ತದೆ ಎಂದು ವಿಡಿಯೋದಲ್ಲಿ ಹೇಳಿದ್ದರು.

ಎರಡನೆಯ ರವಿವಾರ ಜಾಗ ಬದಲಿಸಿದೆ. ಗೋಡೆಗಳಿಗೆ ದಪ್ಪದ್ದೇನಾದರೂ ಹೊದಿಸಿದರೆ ದನಿ ಮರುಕಳಿಸುವುದಿಲ್ಲ ಎಂದು ಓದಿದ್ದೆ. ನಮ್ಮ ಕಾಳಿನ ಕೋಣೆಯಲ್ಲಿ ಮೂರು ಕಡೆ ಜೋಳದ ಚೀಲಗಳ ಗೋಡೆಯೇ ಇತ್ತು, ನಾಲ್ಕನೆಯ ಕಡೆಗೆ ಮನೆಯಲ್ಲಿದ್ದ ಕೌದಿಗಳನ್ನೆಲ್ಲ ನೇತುಹಾಕಿದೆ. ಫ್ಯಾನ್ ಶಬ್ದ ಬೀಳುತ್ತದೆಂದು ಬಂದ್ ಮಾಡಿದೆ. ಬೇಸಿಗೆಯ ಮಧ್ಯಾಹ್ನ ಆ ಕೋಣೆಯೊಳಗೆ ನಾಲ್ಕೇ ಜನ: ಅತ್ತೆ, ಮನಗೂಳಿಯಿಂದ ಹಾರ್ಮೋನಿಯಂ ತಂದ ಮಲ್ಲಪ್ಪ ಕಾಕಾ, ತಬಲಾ ಬಾರಿಸುವ ಟೇಲರ್ ಸಿದ್ದಣ್ಣ, ತೊಗರಿ ಚೀಲದ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು ಹೆಡ್‌ಫೋನ್ ಧರಿಸಿದ ನಾನು. ಅತ್ತೆ ಹಿಂದೆ ಅನ್ನುವವರ ಜಾಗದ ಕಡೆ ಒಮ್ಮೆ ನೋಡಿ, ಖಾಲಿ ಗೋಡೆಗೆ ಹಾಡುವುದು ಹೇಗೆ ಎಂದು ಕೇಳಿದರು. ಹಾಡಿರಿ, ಹಿಂದಿನದನ್ನು ಆಮೇಲೆ ಬೇರೆ ಸೇರಿಸುತ್ತೇನೆ ಎಂದೆ. ಅವರಿಗೆ ಅದು ಅರ್ಥವಾಗಲಿಲ್ಲ. ನಿಜ ಹೇಳಬೇಕೆಂದರೆ ನನಗೂ ಅರ್ಥವಾಗಿರಲಿಲ್ಲ.

ಲಯ ಹಿಡಿದಿಡಲು ಕಿವಿಯಲ್ಲಿ ಟಕ್ ಟಕ್ ಎಂದು ಬಡಿಯುವ ಒಂದು ಶಬ್ದವಿರುತ್ತದೆ. ಸಿದ್ದಣ್ಣನಿಗೆ ಇನ್ನೊಂದು ಚಿಕ್ಕ ಇಯರ್‌ಫೋನ್ ಸಿಕ್ಕಿಸಿ ಅದನ್ನು ಹಚ್ಚಿಕೊಟ್ಟೆ. ಅರ್ಧ ಪದಕ್ಕೇ ಅವರು ಕೈ ನಿಲ್ಲಿಸಿದರು. "ಅಕ್ಕಾರ, ಈ ಬಡಿಯಾಂವ ಯಾರ್ರಿ? ನೀಲವ್ವಾರು ನಿಂತಲ್ಲಿ ಅಂವ ನಿಂದ್ರಂಗಿಲ್ಲ. ಮೊದಲ ಅಂವಗ ಪದಾ ಕಲಸ್ರಿ" ಎಂದರು. ಅವರ ಮಾತು ಸರಿಯಾಗಿತ್ತು. ಅತ್ತೆ ಚರಣದ ಕೊನೆಗೆ ತಮಗೆ ತೃಪ್ತಿಯಾಗುವವರೆಗೆ ಎಳೆಯುತ್ತಾರೆ, ಆ ಯಂತ್ರಕ್ಕೆ ತೃಪ್ತಿಯ ಗೊಡವೆಯಿಲ್ಲ. ಅದನ್ನು ತೆಗೆದುಹಾಕಿ ಎಂಟೂ ಪದ ಹಾಡಿಸಿದೆ. ಜೋಳದ ದೂಳಿಗೆ ಮಲ್ಲಪ್ಪ ಕಾಕಾ ಸೀನಿದ್ದು ನಾಲ್ಕೇ ಸಲ. ಗೆದ್ದೆ ಎಂದುಕೊಂಡೆ. ಸೋಮವಾರ ಹೆಡ್‌ಫೋನ್ ಹಾಕಿದರೆ ಆ ದನಿ ಅಲ್ಲೇ ಇತ್ತು. ತಾಳದ ಗದ್ದಲವಿಲ್ಲದ್ದರಿಂದ ಇನ್ನೂ ಸ್ಪಷ್ಟವಾಗಿ ಇತ್ತು.

ಆಗ ನಾನು ಮಾಡಬೇಕಾದ್ದು ಕಸ್ತೂರಿಬಾಯಿಯವರ ಮನೆಗೆ ಹೋಗಿ ತಪ್ಪೊಪ್ಪಿಕೊಳ್ಳುವುದು. ಮಾಡಿದ್ದು, ಹೊಸ ಅಪರಾಧಿಯನ್ನು ಹುಡುಕುವುದು. ಸಿದ್ದಣ್ಣನವರು ಬಾರಿಸುವಾಗ ತುಟಿ ಅಲ್ಲಾಡಿಸುತ್ತಾರೆ ಎಂದು ನೆನಪಾಯಿತು. ಮೂರನೆಯ ರವಿವಾರ, ದೂಳು ಬಹಳ ಎಂಬ ನೆವ ಹೇಳಿ ಅವರ ಬಾಯಿಗೆ ಟವೆಲ್ ಕಟ್ಟಿಕೊಳ್ಳಲು ಕೇಳಿದೆ. ಇಡೀ ತಾಲೂಕಿನ ಮದುಮಕ್ಕಳ ಅಳತೆ ತೆಗೆದ ಮನುಷ್ಯ, ನನ್ನನ್ನೊಮ್ಮೆ, ಅತ್ತೆಯವರನ್ನೊಮ್ಮೆ ನೋಡಿ, ತುಟಿ ಪಿಟಕ್ಕೆನ್ನದೆ ಕಟ್ಟಿಕೊಂಡು ಎರಡು ತಾಸು ಬಾರಿಸಿದರು. ದನಿ ಹೋಗಲಿಲ್ಲ. ಇನ್ನುಳಿದದ್ದು ಹಾರ್ಮೋನಿಯಂ. ನಿಮ್ಮ ಪೆಟ್ಟಿಗೆಯ ಯಾವುದೋ ಒಂದು ಸ್ವರ ಸಣ್ಣಗೆ ಸೋರುತ್ತಿರಬೇಕು ಎಂದು ಮಲ್ಲಪ್ಪ ಕಾಕಾಗೆ ಹೇಳಿದೆ. ತಂದೆಯ ಕಾಲದ ಪೆಟ್ಟಿಗೆ ಅದು. ಅವರು ಬೇಸರಿಸಿಕೊಳ್ಳದೆ ಮುದ್ದೇಬಿಹಾಳದಲ್ಲಿ ರಿಪೇರಿ ಮಾಡುವವರ ಹತ್ತಿರ ಬಸ್ಸಿನಲ್ಲಿ ಒಯ್ದು, ಪೂರ್ತಿ ಬಿಚ್ಚಿಸಿ, ಒಂದೊಂದು ಸ್ವರವನ್ನೂ ನೋಡಿಸಿಕೊಂಡು ಬಂದರು. ಪೆಟ್ಟಿಗೆ ಗಟ್ಟಿಯಾಗಿದೆ, ಸೋರುವುದು ಬೇರೆ ಎಲ್ಲಿಯೋ ಎಂದು ರಿಪೇರಿಯವರು ಹೇಳಿದರಂತೆ.

ನಾಲ್ಕನೆಯ ರವಿವಾರ ಅತ್ತೆ ಹಾಡಿದ್ದು ಬೇರೆಯೇ ರೀತಿ. ಬುಧವಾರ ಆಪರೇಷನ್ ಇತ್ತು. ಕೊನೆಯ ಪದ ಮುಗಿದಾಗ ಸಿದ್ದಣ್ಣ ತಬಲಾ ಮುಟ್ಟಿ ಕೈ ಹಣೆಗೆ ಹಚ್ಚಿಕೊಂಡರು. ಕಾಕಾ ಕಣ್ಣು ಒರೆಸಿಕೊಂಡರು, ಅದು ದೂಳಿಗಲ್ಲ. ನಾನು ಅಲ್ಲಿಯೇ ಹಿಂದಕ್ಕೆ ತಿರುಗಿಸಿ ಕೇಳಿದೆ. ಅತ್ತೆಯವರ ದನಿ ತುಂಬಿ ಬಂದ ಜಾಗದಲ್ಲೆಲ್ಲ, ಅದರ ಬೆನ್ನಿಗೇ ಆ ಹಾಳು ದನಿಯೂ ತುಂಬಿ ಬಂದಿತ್ತು. ಆಮೇಲಿನ ಎರಡು ದಿನ ರಜೆ ಹಾಕಿ ಅದನ್ನು ಅಳಿಸಲು ನೋಡಿದೆ. ಗದ್ದಲ ತೆಗೆಯುವ ಗುಂಡಿ ಒತ್ತಿದರೆ ಅತ್ತೆ ಕೊಡದೊಳಗೆ ಕುಳಿತು ಹಾಡಿದಂತಾಯಿತು. ತೆಳುವಾದ ಸ್ವರಗಳನ್ನು ಕತ್ತರಿಸಿದರೆ ಅತ್ತೆಯವರ ಮೇಲಿನ ಸ್ವರವೇ ಹೋಯಿತು, ಆ ದನಿ ಕುಳಿತಲ್ಲೇ ಕುಳಿತಿತ್ತು. ಅಣ್ಣನ ಮಾತಿನಂತೆ ಎಕೋ ಹಾಕಿದೆ. ಒಂದು ಇದ್ದದ್ದು ನಾಲ್ಕಾಯಿತು. ಇಂಡಿ ಊರಿನಲ್ಲಿ ನೌಕರಿ ಮಾಡುವ ನಮ್ಮ ಯಜಮಾನರಿಗೆ ಫೋನ್ ಮಾಡಿ, ಒಂದು ಪದ ಹಚ್ಚಿ ಅತ್ತುಬಿಟ್ಟೆ. ಅವರು ಕೇಳಿಸಿಕೊಂಡು, ಇದ್ದದ್ದು ಇದ್ದಂತೆಯೇ ಚೆನ್ನಾಗಿದೆ, ಕೆದಕಬೇಡ ಎಂದರು. ಆ ಸಲಹೆಯಲ್ಲಿ ಇನ್ನೊಂದು ಅರ್ಥವಿತ್ತು ಎಂದು ಆಗ ಹೊಳೆಯಲಿಲ್ಲ.

ಆಪರೇಷನ್ ಆಯಿತು. ಗಂಟು ಕೆಟ್ಟದ್ದಲ್ಲ ಎಂದರು, ಅದು ದೊಡ್ಡ ಸಮಾಧಾನ. ದನಿ ಮಾತ್ರ ಹೋಗಿತ್ತು. ಮೊದಲು ಬರೀ ಗಾಳಿ, ಆಮೇಲೆ ಒಡಕು ಪಿಸುಮಾತು. ಆರು ತಿಂಗಳಲ್ಲಿ ಮರಳಬಹುದು, ಮರಳದೆಯೂ ಇರಬಹುದು ಎಂದರು ಡಾಕ್ಟರು. ಅತ್ತೆ ಗಂಜಿ ಕುಡಿದು ಮಲಗಿದ ಒಂದು ಮಧ್ಯಾಹ್ನ ನಾನು ಮತ್ತೆ ಲ್ಯಾಪ್‌ಟಾಪ್ ತೆರೆದೆ. ಇನ್ನು ಹೊಸದಾಗಿ ಹಾಡಿಸುವ ಮಾತೇ ಇಲ್ಲ, ಇರುವುದನ್ನೇ ಉಳಿಸಿಕೊಳ್ಳಬೇಕು. ಅಷ್ಟು ದಿನ ಪದದ ಕೊನೆಗೆ ಬರುವ ಖಾಲಿ ಭಾಗವನ್ನು ಕೇಳದೆ ಕತ್ತರಿಸುತ್ತಿದ್ದೆ. ಅಂದು ಕೈ ಸೋತು ಅದು ತಾನಾಗಿ ಓಡಿತು. ಚರಣ ಮುಗಿಯಿತು. ಆ ದನಿ ಎಂದಿನಂತೆ ಎಲ್ಲರಿಗಿಂತ ತಡವಾಗಿ ಮುಗಿಸಿತು. ಮುಗಿಸಿದ ಉಸಿರಿನಲ್ಲೇ, ಅದೇ ಗಂಟಲಿನಿಂದ, "ಶ್... ಯಾರೂ ದನಿ ತಗೀಬ್ಯಾಡ್ರಿ, ರೆಕಾರ್ಡಿಂಗ್ ನಡದೈತಿ" ಎಂದು ಗದರಿತು.

ನಾನು ಹೆಡ್‌ಫೋನ್ ತೆಗೆದು ನೆಲದ ಮೇಲಿಟ್ಟೆ. ಕಿವಿ ಮುಚ್ಚಿಕೊಂಡವರಿಗೆ ತಮ್ಮ ದನಿ ಕೇಳಿಸುವುದಿಲ್ಲ, ಆಮೇಲೆ ರೆಕಾರ್ಡಿನಲ್ಲಿ ಕೇಳಿದರೆ ತಮ್ಮದೆಂದು ಗುರುತೂ ಸಿಗುವುದಿಲ್ಲ ಎಂಬುದು ಎಷ್ಟು ಸರಳ ವಿಷಯ. ಅತ್ತೆಯವರ ಹಾಡು ಅಷ್ಟು ಹತ್ತಿರದಿಂದ ಕಿವಿ ತುಂಬಿದಾಗ ನನಗೇ ತಿಳಿಯದೆ ನಾನು ಹಿಂದೆ ಅನ್ನುತ್ತ ಕುಳಿತಿದ್ದೆ, ಅದೂ ಮೈಕಿನ ಪಕ್ಕದಲ್ಲಿ. ನಾಲ್ಕೂ ರವಿವಾರ, ಎಂಟೂ ಪದ. ಕೋಣೆಯಲ್ಲಿ ನಾಲ್ಕೇ ಜನರಿದ್ದಾಗ ಮೂವರನ್ನು ಎಣಿಸಿ ಲೆಕ್ಕ ಮುಗಿಸಿದ ಗಣಿತದ ಶಿಕ್ಷಕಿ ನಾನು.

ಆ ಕ್ಷಣವೇ ಎದುರು ಮನೆಗೆ ಹೋದೆ. ಕಸ್ತೂರಿಬಾಯಿ ಶೇಂಗಾ ಸುಲಿಯುತ್ತಿದ್ದರು. ನಿಂತೇ ಎಲ್ಲ ಹೇಳಿದೆ. ಬೈಯಲಿ ಎಂದು ಕಾದೆ. ಅವರು ಮೊರವನ್ನು ಪಕ್ಕಕ್ಕೆ ಸರಿಸಿ ಕೂಡಲು ಜಾಗ ಮಾಡಿದರು. "ಅತ್ತೇನಿ, ಸುಳ್ಳ್ಯಾಕ ಹೇಳಲಿ. ತಾಸೊತ್ತು ಅತ್ತೇನಿ" ಎಂದರು. "ಸಂಜೀಕ ನಿಮ್ಮತ್ತಿ ಬಂದಳು. ಅದು ನಿನ್ನ ದನಿ ಅಂತ ನಮಗೆಲ್ಲಾ ಮೊದಲನೇ ದಿನಾನ ಗೊತ್ತಿತ್ತು ತಂಗಿ. ಹೇಳಬ್ಯಾಡ್ರಿ ಅಂತ ಕೈ ಮುಗದಳು. ಹದಿನಾರು ವರ್ಷದಾಗ ಈಗ ಬಾಯಿ ಬಿಟ್ಟಾಳ, ಹೇಳಿದ್ರ ಮತ್ತ ಅಡಗಿಮನಿಗೆ ಹೋಗಿ ಕುಂದರತಾಳ ಅಂದಳು."

ಅಂದರೆ ಸಿದ್ದಣ್ಣನವರು ಟವೆಲ್ ಕಟ್ಟಿಕೊಂಡದ್ದು ಗೊತ್ತಿದ್ದೂ. ಮಲ್ಲಪ್ಪ ಕಾಕಾ ಬಿಸಿಲಲ್ಲಿ ಮುದ್ದೇಬಿಹಾಳಕ್ಕೆ ಹೋಗಿಬಂದದ್ದು ಗೊತ್ತಿದ್ದೂ. ನಮ್ಮ ಯಜಮಾನರು ಫೋನಿನಲ್ಲಿ ಚೆನ್ನಾಗಿದೆ ಎಂದದ್ದೂ ಗೊತ್ತಿದ್ದೇ. ಬಾಯಿ ಬಿಗಿಹಿಡಿದು ಕುಳಿತ ಅಷ್ಟು ಜನರ ನಡುವೆ ಹಾಡಿಕೊಂಡಿದ್ದವಳು ನಾನೊಬ್ಬಳೇ. ನಾಚಿಕೆಯೋ ದುಃಖವೋ ಹೇಳಲಾರೆ, ಕಸ್ತೂರಿಬಾಯಿಯವರ ಶೇಂಗಾದ ಮೊರದ ಮುಂದೆ ಕುಳಿತು ನಾನೂ ತಾಸೊತ್ತು ಅತ್ತೆ.

ಎಂಟು ಪದಗಳು ಈಗ ಒಂದು ಪೆನ್‌ಡ್ರೈವಿನಲ್ಲಿವೆ, ನನ್ನ ಸಮೇತ. ಬಿಡಿಸಲು ಬರುವುದಿಲ್ಲ ಎಂದು ಅಣ್ಣನಿಗಿಂತ ಹೆಚ್ಚು ಬಲ್ಲವರೂ ಕೈ ಚೆಲ್ಲಿದರು. ಕಸ್ತೂರಿಬಾಯಿ ಅವನ್ನು ಕೇಳಿ ಕೇಳಿ ಮುಂದೆ ಹಾಡಲು ಕಲಿಯುತ್ತಿದ್ದಾರೆ. ಕಲಿಯುತ್ತಿರುವುದು ನಿಜ, ಆದರೆ ಎರಡನೆಯ ಪದದ ಚರಣದಲ್ಲಿ ಅವರು ಈಚೆಗೆ ನಾನು ಜಾರುವಲ್ಲಿಯೇ ಜಾರುತ್ತಾರೆ. ಲಚ್ಯಾಣದಿಂದ ಇಷ್ಟು ದೂರ ನೆಟ್ಟಗೆ ಬಂದ ಪದ ನನ್ನ ಕೈಗೆ ಸಿಕ್ಕಿ ಸೊಟ್ಟಗಾಯಿತಲ್ಲ ಎಂದು ನೆನೆದರೆ ಊಟ ಸೇರುವುದಿಲ್ಲ. ಅತ್ತೆಯವರ ಮುಂದೆ ಹೇಳಿಕೊಂಡರೆ ಅವರು ಕೈಸನ್ನೆಯಲ್ಲೇ ನೊಣ ಓಡಿಸುವಂತೆ ಓಡಿಸಿಬಿಡುತ್ತಾರೆ.

ಕಳೆದ ಗುರುವಾರ ಭಜನೆ ಮತ್ತೆ ಸುರುವಾಯಿತು. ಕಸ್ತೂರಿಬಾಯಿ ಮುಂದೆ ಕುಳಿತರು. ಎಲ್ಲಕ್ಕೂ ಹಿಂದೆ, ಗೋಡೆಯ ಮೂಲೆ ಹಿಡಿದು ನಾನು ಕುಳಿತೆ. ಚಹಾ ಮಾಡಲು ಏಳಬೇಕೆನ್ನುವಷ್ಟರಲ್ಲಿ ಅತ್ತೆ ಒಂದು ಜೊತೆ ತಾಳ ಹಿಡಿದುಕೊಂಡು, ಕುಳಿತವರನ್ನೆಲ್ಲ ದಾಟಿ ನನ್ನ ಮೂಲೆಗೇ ಬಂದರು. ನಾನು ಅವರ ಜಾಗ ಮುಂದೆ ಇದೆ ಎಂದು ತೋರಿಸಿದೆ. ಅವರು ತಲೆಯಲ್ಲಾಡಿಸಿ ನನ್ನ ಕಿವಿಯ ಹತ್ತಿರ ಬಗ್ಗಿದರು. ಆ ಒಡಕು ದನಿಯಲ್ಲಿ ಒಂದೊಂದೇ ಮಾತು ಎಳೆದು ತಂದು ಹೇಳಿದರು.

"ಇಷ್ಟ ದಿನಾ ಈ ಮನ್ಯಾಗ ಶ್ರುತಿ ಬಿಟ್ಟು ಹಾಡಾಕಿ ನೀ ಒಬ್ಬಾಕೀನ ಇದ್ದಿ. ಈಗ ನಾನೂ ಬಂದೇನಿ. ಸರಿ ಅತ್ಲಾಗ, ಜಾಗಾ ಬಿಡು."

ನಾನು ಸರಿದೆ. ಹಾಡಲು ಬಾರದವರ ಸಾಲಿನಲ್ಲಾದರೂ ಈ ಮನೆಯಲ್ಲಿ ಹದಿನಾರು ವರ್ಷದಿಂದ ಮೊದಲ ಜಾಗ ನನ್ನದಾಗಿತ್ತು. ಅದೂ ಈಗ ಅತ್ತೆಯವರ ಪಾಲಾಯಿತು.